ಕುಲುಮೆಯ ಬಾಯಿಗೆ ಕೆಮ್ಮಣ್ಣು

ನೆಂಟರು ಬರುತ್ತಾರೆಂದರೆ ಮಂಗಮ್ಮನ ಕೈ ಸುಮ್ಮನಿರುವುದುಂಟೇ? ಪುರಾತತ್ವ ಇಲಾಖೆಯ ಜೀಪು ಮಧ್ಯಾಹ್ನ ಬರುತ್ತದೆಂದು ಕೇಳಿದ್ದೇ ತಡ, ಬೆಳಗ್ಗೆಯೇ ಹಿತ್ತಲಿನ ಕುಲುಮೆಗೆ ಹೋದಳು. ಮಾವನ ಕಾಲದಲ್ಲಿ ಕರಿಮರಳು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಆಳೆತ್ತರದ ಮಣ್ಣಿನ ಕುಲುಮೆ ಅದು. ಅದರ ಮಸಿಯನ್ನೆಲ್ಲ ತೆಂಗಿನ ನಾರಿನಿಂದ ತಿಕ್ಕಿ ತೆಗೆದು, ಬಾಯಿಗೂ ಒಳಗೋಡೆಗೂ ಕೆಮ್ಮಣ್ಣು ಸಾರಿಸಿ, ಎದುರಿಗೆ ರಂಗೋಲಿ ಎಳೆದಳು.

ಮಂಡಿಕಲ್ಲಿನ ಅಂಗಡಿಯಿಂದ ಬಾಳೆಹಣ್ಣು ತಂದ ಗಂಡ ಗಂಗುಲಪ್ಪ ನಿಂತಲ್ಲೇ ನಿಂತ.

"ಅಯ್ಯೋ, ಏನೇ ಮಾಡ್ಬಿಟ್ಟೆ?"

"ಸಾರಿಸ್ದೆ. ಹಬ್ಬಕ್ಕೆ ಒಲೆ ಸಾರ್ಸಲ್ವಾ?"

"ಒಲೆ ಅಲ್ಲ ಕಣೇ, ಮ್ಯೂಸಿಯಂ! ಹಳೇ ಮಸಿ ಹಂಗೇ ಇರ್ಬೇಕು, ಜನ ಅದನ್ನೇ ನೋಡಕ್ಕೆ ಬರೋದು ಅಂತ ಸಾಹೇಬ್ರು ಹೇಳಿರ್ಲಿಲ್ವಾ?"

"ನಿಮಗೆ ಹೇಳಿದ್ರು. ನೀವು ನನಗೆ ಹೇಳಿದ್ರಾ?"

ಅವನು ಹಣ್ಣನ್ನು ಜಗುಲಿಯ ಮೇಲಿಟ್ಟು ಜೀಪಿಗೆ ದಾರಿ ತೋರಿಸಲು ರಸ್ತೆಯ ಕಡೆ ಹೊರಟ. ಮಾವ ತೀರಿಕೊಂಡ ಮೇಲೆ ಕುಲುಮೆ ಹೊತ್ತಿರಲಿಲ್ಲ. ಈಗ ಅದನ್ನು ಮ್ಯೂಸಿಯಂ ಮಾಡಿ, ಕಾಯುವ ಕೆಲಸವನ್ನು ಗಂಗುಲಪ್ಪನಿಗೇ ಕೊಡುತ್ತೇವೆ ಎಂದಿದ್ದರು ಇಲಾಖೆಯವರು. ಎಲ್ಲ ಸರಿಯಿದ್ದರೆ ಇವತ್ತೇ ಆರ್ಡರು. ತನ್ನ ಕೈಯಾರೆ ಗಂಡನ ಕೆಲಸ ಕಳೆದೆನೇ ಎಂದುಕೊಂಡಳು ಮಂಗಮ್ಮ.

ಮಸಿ ಬೇಕಾದರೆ ಬೆಂಕಿ ಬೇಕು. ಈ ಮನೆಯ ಹೆಂಗಸರು ಇದ್ದಿಲು ಹೊರಬಹುದು, ಕುಲುಮೆಗೆ ಬೆಂಕಿ ಇಡುವಂತಿಲ್ಲ. 'ಹೆಂಗಸು ಕೈ ಹಚ್ಚಿದ್ರೆ ಕಬ್ಬಿಣ ಮುನಿಸ್ಕೊಳ್ಳುತ್ತೆ' ಎನ್ನುತ್ತಿದ್ದಳು ಅತ್ತೆ ಓಬಳಮ್ಮ. ದಿನಕ್ಕೆ ಮೂರು ಸಲ ಒಲೆ ಹಚ್ಚುವ ಕೈಯೇ ಇದೂ ಅಲ್ಲವೇ? ಅಡುಗೆಮನೆಯ ಒಲೆಯಿಂದ ಕೆಂಡ ತಂದಿಟ್ಟಳು. ಮೇಲೆ ಹಸಿ ಹೊಂಗೆಸೊಪ್ಪು ಒಟ್ಟಿದಳು. ಹೊಗೆ ದಟ್ಟವಾಗಿ ಎದ್ದಿತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಗೋಡೆ ಕಪ್ಪಾಗುವುದನ್ನೇ ನೋಡುತ್ತ ಕೂತಳು. ಎಷ್ಟು ನಿಧಾನ! ದೂರದಲ್ಲಿ ಜೀಪಿನ ಸದ್ದು ಕೇಳಿಸಿದಾಗ ಬೂದಿ ಬಾಚಿ, ರಂಗೋಲಿಯನ್ನು ಕಾಲಿನಿಂದಲೇ ಅಳಿಸಿದಳು.

ಗಂಗುಲಪ್ಪನ ಜೊತೆ ಜೀಪಿನಿಂದಿಳಿದ ಅಧಿಕಾರಿ ವೆಂಕಟೇಶಮೂರ್ತಿ ಕುಲುಮೆಯನ್ನು ಸುತ್ತಿ ಬಂದು, ಒಳಗೋಡೆಗೆ ಅಂಗೈ ಊರಿದರು.

"ಇದೇನ್ರೀ, ಬೆಚ್ಚಗಿದೆ?"

ಗಂಗುಲಪ್ಪ ಗೋಡೆಯನ್ನೂ, ಮಂಗಮ್ಮನ ಕೆಂಪು ಕಣ್ಣುಗಳನ್ನೂ ನೋಡಿದ.

"ತಿಂಗಳಿಗೊಂದ್ಸಲ ಹೊಗೆ ಕೊಡ್ಬೇಕು ಸ್ವಾಮಿ. ಇಲ್ದಿದ್ರೆ ಗೆದ್ದಲು ಹಿಡಿಯುತ್ತೆ."

"ಯಾರು ಕೊಡೋದು?"

ಗಂಗುಲಪ್ಪ ಹೆಂಡತಿಯ ಕಡೆ ಕೈ ತೋರಿಸಿದ. "ಇವಳೇ ಸ್ವಾಮಿ."

"ತಪ್ಪಿಸ್ಬೇಡಿ ಮತ್ತೆ. ಹೊಗೆ ಕೊಡೋದನ್ನೂ ಆರ್ಡರಲ್ಲಿ ಬರ್ದು ಹೋಗ್ತೀನಿ" ಎಂದು ಅವರು ಆರ್ಡರಿನ ಕಾಗದ ತೆಗೆದು ಪೆನ್ನಿಗಾಗಿ ಜೇಬಿನತ್ತ ಕೈ ಒಯ್ದರು. ಆ ಅಂಗೈಯ ತುಂಬ ಮಸಿ. ಮಸಿಯ ಜೊತೆಗೆ ಇನ್ನೂ ಹಸಿಯಾಗಿದ್ದ ಕೆಮ್ಮಣ್ಣು.

"ಅಯ್ಯೋ, ಕೈ ಕೊಳೆಯಾಯ್ತಲ್ಲ ಸ್ವಾಮಿ!" ಮಂಗಮ್ಮ ಚೊಂಬು ಹಿಡಿದು ಓಡಿಬಂದು, ಅವರು ನೋಡಿಕೊಳ್ಳುವ ಮೊದಲೇ ನೀರು ಸುರಿದಳು.