ಹೆಬ್ಬೆರಳು ಕಲಿತದ್ದು

ಗಾಳಿಯೇ ಇಲ್ಲ, ಅಕ್ಟೋಬರಿನ ಬೆಳಗು ಕುದಿಯುವ ಪಾತ್ರೆಯ ಮೇಲಿನ ಮುಚ್ಚಳದ ಹಾಗೆ ಕಾಂದಿವಲಿಯ ಮೇಲೆ ಕೂತಿದೆ, ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯುತ್ತಿದೆ, ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಯಾರದೋ ಉಪಗ್ರಹ — ಉಪಗ್ರಹವೆನ್ನುವುದು ದೊಡ್ಡ ಮಾತು, ತಂಪು ಪಾನೀಯದ ಡಬ್ಬಿಯಷ್ಟಿದೆ, ಮಕ್ಕಳು ಮಾಡಿದ್ದು, ತಲೆಯ ಮೇಲೊಂದು ಮಡಚಿದ ಪ್ಯಾರಾಶೂಟ್, ತಳದಲ್ಲೊಂದು ಸ್ವಿಚ್ಚು, ಸ್ವಿಚ್ಚಿನ ಪಕ್ಕ ಸಾಸಿವೆಯಷ್ಟು ಹಸಿರು ದೀಪ. ಹೆಂಡತಿ ನೀಲಾಬಾಯಿ ಬೇಡವೆಂದೇ ಹೇಳಿದ್ದಳು, ಮಣಕಾಲ ನೋಯ್ತಾವ ಅಂತೀರಿ, ತೀರ್ಪು ಕೊಡಾಕ ಮಾತ್ರ ಎದ್ದು ಹೊಂಟೀರಿ ನೋಡ್ರಿ, ನಾನು ಲಿಂಗಪೂಜೆ ಮುಗಿಸಿ ಮುಲುಂಡಿನಲ್ಲಿ ಲೋಕಲ್ ಹತ್ತಿದೆ, ದಾದರಿನಲ್ಲಿ ಬದಲಿಸಿದೆ, ಅಲ್ಲಿಂದ ಇಲ್ಲಿಯವರೆಗೆ ನಿಂತೇ ಬಂದೆ, ಕಾಲು ಇನ್ನೂ ಗಾಡಿಯಲ್ಲೇ ಇದ್ದಂತೆ ನಡುಗುತ್ತಿದೆ. ಈಗ ಕಾಲೇಜಿನ ಮೈದಾನ, ಶಾಮಿಯಾನದ ಕೆಳಗೆ ವಿದ್ಯಾರ್ಥಿಗಳ ಈ ಸ್ಪರ್ಧೆಯ ಮೂವರು ತೀರ್ಪುಗಾರರು, ಬಸವಂತರಾಯನೆಂಬ ನಾನು ತೂಕದ ಮೇಜಿಗೆ, ಬೆಳಗಾವಿಯ ವೈಶಾಲಿ ಲ್ಯಾಪ್‌ಟಾಪಿನ ಮುಂದೆ, ಜೋಗೇಶ್ವರಿಯಲ್ಲಿ ಸ್ಪ್ರಿಂಗ್ ಮಾಡುವ ಧಾರವಾಡದ ಶೇಖರ ಡ್ರೋನಿನ ಉಸ್ತುವಾರಿಗೆ, ಜೊತೆಗೆ ಅವನ ಬಾಯಿ, ಅದಕ್ಕೆ ಉಸ್ತುವಾರಿಯಿಲ್ಲ.

ಪದ್ಧತಿ ಸರಳವಾಗಿದೆ, ಮಕ್ಕಳು ದೀಪ ಹೊತ್ತಿಸಿ ಡಬ್ಬಿ ನನ್ನ ಕೈಗೆ ಕೊಡುತ್ತಾರೆ, ಅಲ್ಲಿಂದ ಮುಂದೆ ಮುಟ್ಟುವ ಹಾಗಿಲ್ಲ, ನಾನು ತೂಗಿ ತಟ್ಟೆಯಲ್ಲಿಡುತ್ತೇನೆ, ಶೇಖರ ಅದನ್ನು ಡ್ರೋನಿಗೆ ಕಟ್ಟುತ್ತಾನೆ, ಮೇಲೆ ಹೋಗಿ ಬಿಟ್ಟಾಗ ಡಬ್ಬಿ ಇಳಿಯುತ್ತ ಇಳಿಯುತ್ತ ತಾನೆಷ್ಟು ಎತ್ತರದಲ್ಲಿದ್ದೇನೆ, ಅಲ್ಲಿ ಸೆಕೆ ಎಷ್ಟು ಎಂದು ವೈಶಾಲಿಗೆ ಹೇಳುತ್ತಿರಬೇಕು. ಒಂದೇ ಅವಕಾಶ. ಮಾತಾಡದ ಡಬ್ಬಿಗೆ ಸೊನ್ನೆ. ಯಕ್ಷಿತಾ ಎಂಬ ಹುಡುಗಿಯ ತಂಡದ ಡಬ್ಬಿ ಮಾತಾಡಲಿಲ್ಲ — ಎಷ್ಟು ಚೆಂದ ಇಳಿಯಿತು, ಕಿತ್ತಳೆ ಪ್ಯಾರಾಶೂಟು ಅರಳಿ, ಗಾಳಿಯಿಲ್ಲದ ಆಕಾಶದಲ್ಲಿ ಮೂಕನ ಹಾಗೆ, ವೈಶಾಲಿ ತಲೆಯಾಡಿಸಿದಳು, ಏನೂ ಬರವಲ್ದು. ಎತ್ತಿಕೊಂಡು ಬಂದು ನೋಡಿದರೆ ಸ್ವಿಚ್ಚು ಆಫ್. ಶೇಖರ ನಕ್ಕ, ರಾಯರ, ಈ ಹುಡುಗೂರು ಮೊಬೈಲ್ ಚಾರ್ಜಿಗೆ ಹಚ್ಚೂದು ಮರಿಯಂಗಿಲ್ಲ, ಉಪಗ್ರಹ ಚಾಲೂ ಮಾಡೂದು ಮರೀತಾರ. ನಾನೂ ನಕ್ಕೆನೋ ಏನೋ, ನಕ್ಕಿರಬೇಕು. ಆ ಹುಡುಗಿ ನಗಲಿಲ್ಲ, ಮಂಗಳೂರು ಕಡೆಯವರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕನ್ನಡವನ್ನು ತಡವಿ ತಡವಿ ತೆಗೆಯುತ್ತಾಳೆ, ಸರ್, ಲೈಟ್ ಆನ್ ಇತ್ತು, ನಾನು ಪಕ್ಕಾ ನೋಡಿದ್ದೆ. ಅವಳ ಜೊತೆಯವರು ದೂರ ಸರಿದು ನಿಂತಿದ್ದರು, ಅವರಲ್ಲೊಬ್ಬಳು, ಶೀತಲ್, ಹಿಂದಿಯಲ್ಲಿ ಅಂದಳು, ಒಂದೇ ಕೆಲಸ ಕೊಟ್ಟಿದ್ದೆವು ನಿನಗೆ, ಒಂದು ಸ್ವಿಚ್ಚು. ವರ್ಷವಿಡೀ ರಜೆಯಲ್ಲೂ ಕಾಲೇಜಿಗೆ ಬಂದು ಮಾಡಿದ್ದಂತೆ, ಗೆದ್ದ ತಂಡಕ್ಕೆ ಮಾತ್ರ ದೆಹಲಿಯ ಅಂತಿಮ ಸುತ್ತು, ಇದು ಅವರ ಕೊನೆಯ ವರ್ಷ, ಇನ್ನೊಂದು ಸರ್ತಿ ಎಂಬುದಿಲ್ಲ. ಏನು ಮಾಡುವುದು, ಮರೆವು ಮನುಷ್ಯನಿಗೆ ಶಿವ ಕೊಟ್ಟದ್ದು, ಎಂದು ನಾನು ದೊಡ್ಡವನ ಹಾಗೆ ಅಂದುಕೊಂಡು ಮುಂದಿನ ಡಬ್ಬಿಗೆ ಕೈ ಚಾಚಿದ್ದೆ.

ಈಗ ಅವಳ ಡಬ್ಬಿ ಮತ್ತೆ ನನ್ನ ಕೈಯಲ್ಲಿದೆ, ಒಡೆದಿದೆಯೋ ಇಲ್ಲವೋ ನೋಡುವ ಕೊನೆಯ ಪರೀಕ್ಷೆ, ಒಡೆದಿಲ್ಲ, ಸ್ವಿಚ್ಚು ಒತ್ತಿದೆ, ಹಸಿರು ದೀಪ ಹತ್ತಿತು, ಎಲ್ಲ ಸರಿಯಿದೆ ಪಾಪ, ಮೇಜಿನ ಮೇಲಿಟ್ಟೆ — ದೀಪವಿಲ್ಲ. ಮತ್ತೆ ಎತ್ತಿಕೊಂಡೆ, ಒತ್ತಿದೆ, ಹತ್ತಿತು, ಇಳಿಸುವಾಗ ಈ ಸಲ ಕಣ್ಣು ಕೀಳದೆ ನೋಡಿದೆ, ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ತಳಕ್ಕೆ ಹೋಗಿ ಸ್ವಿಚ್ಚು ಒತ್ತಿ ಆರಿಸಿತು. ಶಿವಶಿವಾ. ಉಳಿದ ತಂಡಗಳ ಸ್ವಿಚ್ಚು ಡಬ್ಬಿಯ ಒಳಗೆ, ಇವರದೊಂದೇ ಹೊರಗೆ, ಬೆರಳಿಗೆ ಸಿಗುವ ಜಾಗದಲ್ಲಿ. ನನಗೆ ಕೆಲಸ ಕಲಿಸಿದ ಸಿದ್ದರಾಮಪ್ಪನವರು ನಮ್ಮ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಸ್ಕೇಲು ಹಿಡಿದೇ ಓಡಾಡುತ್ತಿದ್ದರು, ಜೀವ ಇದ್ದ ವಸ್ತು, ಕರೆಂಟ್ ಹರಿಯೂ ವಸ್ತು, ಕೈಯಾಗಿಂದ ಮೇಜಿಗೆ ಇಳೀಬಾರದೋ ತಮ್ಮಾ, ಆರಿಸು, ಆಮ್ಯಾಲ ಇಡು, ಗೆಣ್ಣಿನ ಮೇಲೆ ಟಪ್ಪೆಂದು ಏಟು, ಆ ಏಟು ತಿಂದು ತಿಂದು ಬೆರಳು ಕಲಿಯಿತು, ಕಲಿತದ್ದನ್ನು ನನಗೆ ನಿವೃತ್ತಿ ಕೊಟ್ಟರೂ ಮರೆಯಲಿಲ್ಲ. ಮನೆಯಲ್ಲಿ ಟಾರ್ಚು, ರೇಡಿಯೋ, ಮೊಮ್ಮಗನ ಕುಣಿಯುವ ಗೊಂಬೆಯೂ ಕೂಡ, ಅಜ್ಜಾ ನೀ ಯಾಕ ಬಂದ್ ಮಾಡ್ತಿ ಎಂದು ಅವನು ಅಳುತ್ತಾನೆ, ನಾನೆಲ್ಲಿ ಮಾಡಿದೆ ಎನ್ನುತ್ತೇನೆ, ನಿಜವಾಗಿಯೂ ನನಗೆ ಗೊತ್ತಿರುವುದಿಲ್ಲ.

ಚಿಕ್ಕವನಿದ್ದಾಗ ಆಯಿ, ನಮ್ಮಜ್ಜಿ, ಹೇಳುತ್ತಿದ್ದ ಕಥೆಯ ಗೌಡ ಯಾರದೋ ಜೋಳ ತುಳಿದ ದನದ ಹೆಜ್ಜೆ ಹುಡುಕುತ್ತ ಹೊರಟ, ಕೈಯಲ್ಲಿ ಬಡಿಗೆ, ಹಳ್ಳ ದಾಟಿದ, ದಿಬ್ಬ ಹತ್ತಿದ, ಹೊತ್ತು ಮುಳುಗುವಾಗ ಹೆಜ್ಜೆ ಹೋಗಿ ನಿಂತದ್ದು ಅವನದೇ ದನದ ಹಟ್ಟಿಯಲ್ಲಿ, ಮುಂದೇನಾತು ಆಯಿ ಎಂದರೆ, ಮುಂದೇನಪಾ, ಬಡಿಗಿ ಗೋಡಿಗೆ ಆನಿಸಿ ಜೋಳದಾಂವನ ಮನೀಗೆ ಹ್ವಾದಾ, ಅಷ್ಟೇ ಹೇಳಿ ಮಗ್ಗುಲಾಗುತ್ತಿದ್ದಳು. ನನ್ನ ಹೆಬ್ಬೆರಳನ್ನು ಯಾರೂ ನೋಡಿಲ್ಲ, ವೈಶಾಲಿಯ ಕಣ್ಣು ಪರದೆಯ ಮೇಲೆ, ಬಿಸಿಲು ಏರಿದೆ, ನನಗೆ ಸಾಕಾಗಿದೆ, ಮನೆಗೆ ಹೋಗಿ ಕಾಲು ಚಾಚಬೇಕು, ಸೊನ್ನೆ ಒಂದು ಸಣ್ಣ ಗುಂಡನೆಯ ಗುರುತು, ಯಾರು ಕೇಳುತ್ತಾರೆ. ಅಷ್ಟರಲ್ಲಿ ಹುಡುಗಿ ಡಬ್ಬಿ ಒಯ್ಯಲು ಮೇಜಿನ ಬಳಿ ಬಂದಳು, ಮುಖ ತೊಳೆದುಕೊಂಡಿದ್ದಾಳೆ, ದನಿಯಲ್ಲಿ ಏನೂ ಉಳಿದಿಲ್ಲ.

ಸಾರಿ ಸರ್, ನಾನೇ ಮರ್ತೆ ಅನ್ಸುತ್ತೆ.

ಅನಿಸುತ್ತದಂತೆ, ಬೆಳಗ್ಗೆ ಪಕ್ಕಾ ನೋಡಿದ್ದ ಕಣ್ಣು, ಮಧ್ಯಾಹ್ನಕ್ಕೆ ಮರೆತೆ ಅನಿಸುತ್ತದಂತೆ, ಸೊನ್ನೆಗಿಂತ ದೊಡ್ಡದನ್ನು ತಿಂದುಹಾಕಿದ್ದೇನೆ, ಇವಳು ಇನ್ನು ಯಾವ ದೀಪ ಹೊತ್ತಿಸಿದರೂ ತಿರುಗಿ ಬಂದು ನೋಡುವವಳು, ಬಾಗಿಲ ಚಿಲಕ, ಗ್ಯಾಸು, ನಲ್ಲಿ, ಎಲ್ಲದರ ಹತ್ತಿರ ಮತ್ತೆ ಮತ್ತೆ — ಎದ್ದು ನಿಂತೆ, ಮಂಡಿ ಕಟ್ ಎಂದಿತು, ಶೇಖರನಿಗೂ ಶೀತಲ್‌ಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

ಇಲ್ಲವ್ವಾ ತಂಗಿ, ನೀ ಮರ್ತಿಲ್ಲ. ದೀಪ ಹತ್ತಿತ್ತು. ಇಡುವಾಗ ನಾನ ಆರಿಸೀನಿ.

ಶೇಖರ ಕಿವಿಯ ಹತ್ತಿರ ಬಗ್ಗಿದ, ರಾಯರ, ಸುಮ್ಮಕಿರ್ರಿ, ಮ್ಯಾಲಿನವರಿಗೆ ವರದಿ ಹೋಗತೈತಿ, ಮುಂದ ನಿಮ್ಮನ್ನ ಯಾರೂ ಕರಿಯಂಗಿಲ್ಲ. ಕರೆಯದಿದ್ದರೆ ನೀಲಾಬಾಯಿ ಗೆಲ್ಲುತ್ತಾಳೆ, ಗೆಲ್ಲಲಿ. ವೈಶಾಲಿ ತಲೆಯೆತ್ತಿ ನನ್ನನ್ನು ನೋಡಿದಳು, ಡ್ರೋನಿನ ಹುಡುಗರನ್ನು ಕೂಗಿ ಕೇಳಿದಳು, ಬ್ಯಾಟರಿ ಉಳಿದದೇನ್ರಿ, ಇನ್ನೊಂದು ಸರ್ತಿಗೆ ಸಾಲ್ತದಲ್ಲ, ನನಗೆ ಮಾತ್ರ ಮೆಲ್ಲಗೆ, ಕಾಕಾ, ತೂಕದ ಮೇಜಿಗೆ ನಾ ಕುಂದರ್ತೀನಿ. ಎದೆಯ ಮೇಲಿನ ತೀರ್ಪುಗಾರನ ಬಿಲ್ಲೆ ಬಿಚ್ಚಿಟ್ಟೆ. ಡಬ್ಬಿ ಎತ್ತಿಕೊಂಡೆ, ಸ್ವಿಚ್ಚು ಒತ್ತಿದೆ, ಹತ್ತಿತು, ಹೆಬ್ಬೆರಳನ್ನು ಮಡಚಿ ನಾಲ್ಕೇ ಬೆರಳಲ್ಲಿ ಹಿಡಿದು, ಪ್ರಸಾದ ಕೊಡುವ ಹಾಗೆ, ಮೇಜಿಗೆ ಇಳಿಸದೆ ಅವಳ ಬೊಗಸೆಗೇ ಇಟ್ಟೆ, ಅವಳು ನನ್ನನ್ನು ನೋಡಲಿಲ್ಲ, ತಳ ತಿರುಗಿಸಿ ನೋಡಿದಳು, ಹಸಿರು, ಸಾಸಿವೆಯಷ್ಟು, ಹತ್ತಿಯೇ ಇತ್ತು, ಹತ್ತಿಯೇ —