ಚೆನ್ನಯನ ಆಪತ್ತಿನ ಚೀಲ

ಘಾಟ್ಕೋಪರಿನಲ್ಲಿ ಹೊಸ ಹೋಟೆಲು ತೆರೆಯಲಿದ್ದ ಮೋನಪ್ಪ ಧನಿ, ಅದರ ಮ್ಯಾನೇಜರಿಕೆ ಯಾರಿಗೆಂದು ಇನ್ನೂ ಬಾಯಿಬಿಟ್ಟಿರಲಿಲ್ಲ. ಅದು ತನಗೇ ಸಿಗಬೇಕೆಂದು ಸಪ್ಲೈಯರ್ ಚೆನ್ನಯ ಹಗಲಲ್ಲೇ ಕನಸು ಕಾಣುತ್ತಿದ್ದ. ಆಫೀಸುಗಳಿಗೆ ರಜೆಯಿದ್ದ ಒಂದು ಭಾನುವಾರ ಧನಿ ಕೋಟೆ ಪ್ರದೇಶದ ತಮ್ಮ ಹೋಟೆಲನ್ನೂ ಮುಚ್ಚಿ, "ಕನ್ಹೇರಿ ಗುಹೆ ನೋಡಿ ಬರುವ. ವ್ಯವಸ್ಥೆ ಎಲ್ಲ ನಿನ್ನದು" ಎಂದಾಗ, ಇದು ಪರೀಕ್ಷೆಯೇ ಎಂದು ಅವನಿಗೆ ಖಾತ್ರಿಯಾಯಿತು.

ಚೆನ್ನಯ ಯಾವ ಆಪತ್ತನ್ನೂ ಬಿಡಲಿಲ್ಲ. ಕಾಲು ಉಳುಕಿದರೆ ಪಟ್ಟಿ, ಗಾಯಕ್ಕೆ ಟಿಂಚರ್, ಹಾವು ಕಚ್ಚಿದರೆ ಊರಿನಿಂದ ತರಿಸಿದ ಬೇರು, ದಾರಿ ತಪ್ಪಿದರೆ ಊದಲು ಸೀಟಿ, ಎಲ್ಲವೂ ಒಂದು ಚೀಲಕ್ಕೆ ಸೇರಿತು. ತಿಂಡಿಯ ಹೊಣೆ ಅಡುಗೆಯ ಅಣ್ಣುವಿಗೆ, ಅದನ್ನು ಹೊರುವ ಹೊಣೆ ಇನ್ನೊಬ್ಬ ಸಪ್ಲೈಯರ್ ದೂಜನಿಗೆ. ಮೇಜಿಗೆ ನೀರು ಇಡುವವನನ್ನು ಹೋಟೆಲು ಕಾಯಲು ಬಿಟ್ಟರು. ಬೊರಿವಲಿಯಲ್ಲಿ ಲೋಕಲ್ ರೈಲಿನಿಂದ ಇಳಿದು ಕಾಡುದಾರಿ ಹಿಡಿದಾಗ ಚೀಲದ ಭಾರಕ್ಕೆ ಚೆನ್ನಯನ ಹೆಗಲು ಜಗ್ಗಿತು, ಎದೆ ಮಾತ್ರ ಉಬ್ಬಿಯೇ ಇತ್ತು. ಧನಿ ಒಮ್ಮೆ ಎಡವಿದಾಗ ಅವನಿಗೆ, ಪಾಪ, ಸ್ವಲ್ಪ ಆಸೆಯೂ ಆಯಿತು. ಧನಿ ಬೀಳಲಿಲ್ಲ.

ಗುಹೆಯ ಮೆಟ್ಟಿಲ ಮೇಲೆ ಕೂತು ಎಲ್ಲರೂ ಖಾರದ ಚಿತ್ರಾನ್ನ ಹೊಡೆದರು. ಅದರ ಮೇಲೆ ಧನಿ ಕೋಡುಬಳೆಯನ್ನೂ ಕಡಿದರು. ಅದು ಗಂಟಲಿಗೆ ಸಿಕ್ಕಿ ಬಿಕ್ಕಳಿಕೆ ಹತ್ತಿತು, ಕಣ್ಣು ಕೆಂಪಾಯಿತು.

"ನೀರು," ಎಂದರು ಧನಿ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಹೋಟೆಲಿನಲ್ಲಿ ನೀರಿಗೆ ಯಾರೂ ಹೇಳಬೇಕಾಗಿಲ್ಲ. ಗಿರಾಕಿ ಕೂತೊಡನೆ ಅದು ಮೇಜಿನ ಮೇಲೆ ಇರುತ್ತದೆ. ಇಲ್ಲಿ ಇವರು ಕೂತು ಇಷ್ಟು ಹೊತ್ತಾದರೂ ಬಂದಿರಲಿಲ್ಲ. ಚೆನ್ನಯ ಚೀಲವನ್ನು ಬುಡಮೇಲು ಮಾಡಿದ. ಬಿಕ್ಕಳಿಕೆಗೆ ಅದರಲ್ಲಿ ಏನೂ ಇರಲಿಲ್ಲ.

"ದೂಜಾ, ಕೆಳಗೆ ಕಲ್ಲಿನ ತೊಟ್ಟಿಯಲ್ಲಿ ನೀರುಂಟು, ತಾ."

"ನಾನು ಸಪ್ಲೈಯರ್ ಮಾರಾಯಾ. ನೀರಿನ ಕೆಲಸ ಬಿಟ್ಟು ಎಷ್ಟು ಕಾಲ ಆಯ್ತು."

"ನಾನು ಒಲೆ ಬಿಟ್ಟು ಏಳುವವನಲ್ಲ," ಎಂದ ಅಣ್ಣು. ಒಲೆಯಂತೂ ಅಲ್ಲಿ ಇರಲೇ ಇಲ್ಲ.

ಚೆನ್ನಯನೂ ನೀರಿಟ್ಟೇ ಮೇಲೆ ಬಂದವನು. ಮ್ಯಾನೇಜರಾಗುವ ಹೊತ್ತಿಗೆ, ಅದೂ ಈ ಇಬ್ಬರ ಎದುರು, ಮತ್ತೆ ಅದೇ ಕೆಲಸವೆಂದರೆ ಅವನಿಗೆ ಜೀವ ಹಿಡಿಯಷ್ಟಾಯಿತು. ಧನಿ ಮತ್ತೊಮ್ಮೆ ಬಿಕ್ಕಿದರು. ಅವನು ಖಾಲಿ ಚಿತ್ರಾನ್ನದ ಪಾತ್ರೆ ಎತ್ತಿಕೊಂಡು ಓಡಿದ.

ಬಂದ ನೀರಿಗೆ ಅರಿಸಿನದ ಬಣ್ಣ, ಮೇಲೆ ಒಗ್ಗರಣೆಯ ಸಾಸಿವೆ. ಧನಿ ಗಟಗಟ ಕುಡಿದು ಮುಗಿಸಿ ಉಸಿರು ಬಿಟ್ಟರು.

"ಘಾಟ್ಕೋಪರಿಗೆ ನೀನೇ ಹೋಗು ಚೆನ್ನಯ. ಇವರಿಬ್ಬರು ನನ್ನನ್ನು ಸಾಯಲು ಬಿಡ್ತಿದ್ದರು."

ಚೆನ್ನಯನ ಕಣ್ಣು ತುಂಬಿ ಬಂತು. ಖಾರಕ್ಕೆ ನಾಲಿಗೆ ಹೊರಚಾಚಿ ಕೂತಿದ್ದ ದೂಜ ಥಟ್ಟನೆ ಎದ್ದು ನಿಂತ.

"ಮ್ಯಾನೇಜರೇ," ಎಂದ ಬಹಳ ಮರ್ಯಾದೆಯಿಂದ, "ಇಲ್ಲಿಗೂ ಎರಡು ನೀರು."

ಹೊಸ ಮ್ಯಾನೇಜರು ಪಾತ್ರೆ ಹಿಡಿದು ಮತ್ತೆ ತೊಟ್ಟಿಗೆ ಇಳಿದರು.