ಎತ್ತಿನ ಮುಲಾಮು

"ಇತ್ತ ಬರಬ್ಯಾಡ ತಮ್ಮಾ, ಮೈ ತೊಳ್ಯಾಕತ್ತೀವಿ," ಎಂದು ಪರದೆಯ ಆಚೆಯಿಂದ ಕಲ್ಲವ್ವ ಗದರಿದಾಗ ಅರ್ಜುನಪ್ಪ ಎತ್ತಿದ ಹೆಜ್ಜೆಯನ್ನು ಅಲ್ಲೇ ಇಳಿಸಿದ.

ಹಿತ್ತಲಲ್ಲಿ ಎರಡು ಹಳೆಯ ಸೀರೆಗಳನ್ನು ಅಡ್ಡ ಕಟ್ಟಿದ್ದರು. ಅದರ ಹಿಂದೆ ಅವನ ಹೆಂಡತಿ ಫಕೀರವ್ವನ ಹೆಣಕ್ಕೆ ಕಡೆಯ ಸ್ನಾನ ನಡೆದಿತ್ತು. ನೀರು ಹಾಕುತ್ತಿದ್ದವಳು ಗಜೇಂದ್ರಗಡದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಮಗಳು ಪುಷ್ಪಾವತಿ. ಹಾಗಲ್ಲ ಹೀಗೆ ಎಂದು ಹೇಳಿಕೊಡುತ್ತಿದ್ದವಳು ಅರ್ಜುನಪ್ಪನ ಅಕ್ಕ ಕಲ್ಲವ್ವ. ಶಿರೋಳದಲ್ಲಿ ಯಾರ ಮನೆಯಲ್ಲಿ ಸಾವಾದರೂ ಶಾಸ್ತ್ರ ಹೇಳುವ ಯಜಮಾನಿಕೆ ಆಕೆಯದೇ. ಅದನ್ನು ಯಾರೂ ಆಕೆಗೆ ಕೊಟ್ಟದ್ದಲ್ಲ, ಕಸಿದುಕೊಳ್ಳುವ ಧೈರ್ಯವೂ ಯಾರಿಗೂ ಇರಲಿಲ್ಲ.

"ಕಾಲಿಗೆ ಏನರ ಹಚ್ಚೀರೇನು?" ಅರ್ಜುನಪ್ಪ ಪರದೆಯನ್ನೇ ಕೇಳಿದ.

"ಅರಿಷಿಣ ಹಚ್ಚೀವಿ. ನೀ ಹೊರಗ ಹೋಗಿ ಗಂಡಸರ ಕೂಡ ಕುಂಡ್ರು."

ಅವನು ತಿರುಗುವಷ್ಟರಲ್ಲಿ ಮಗಳ ದನಿ ಕೇಳಿಸಿತು. "ಅತ್ತಿ, ಅವ್ವನ ಹಿಮ್ಮಡ ನೋಡ್ರಿ, ಹ್ಯಾಂಗ ಒಡದಾವ. ನಾ ದೀಪಾವಳಿಗೆ ಬಂದಾಗ ಭಾಳ ಚಲೋ ಇದ್ದವು."

"ಮಾಗಿ ಚಳಿ. ಯಾರ ಕಾಲ ಒಡದಿಲ್ಲ ಹೇಳು," ಎಂದಳು ಕಲ್ಲವ್ವ.

ಅರ್ಜುನಪ್ಪ ಅಂಗಿಯ ಜೇಬಿನಲ್ಲಿದ್ದ ತಗಡಿನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡ. ಹೆಣ ಎತ್ತುವುದರೊಳಗೆ ಆ ಡಬ್ಬಿಯ ಮುಲಾಮನ್ನು ಒಂದು ಸಲ, ಒಂದೇ ಸಲ, ಅವಳ ಹಿಮ್ಮಡಿಗಳಿಗೆ ಹಚ್ಚಬೇಕೆಂದು ಅವನ ಜೀವ ಬೆಳಗಿನಿಂದ ಒದ್ದಾಡುತ್ತಿತ್ತು. ಆದರೆ ಊರು ನೆರೆದ ಮನೆಯಲ್ಲಿ ಗಂಡನಾದವನು ಹೆಂಡತಿಯ ಕಾಲು ಮುಟ್ಟುವುದು ಹೇಗೆ? ಹಾಗೆ ಮುಟ್ಟಿದರೆ ಪಾಪ ಹೆಂಡತಿಗೇ ಹತ್ತುತ್ತದೆ ಎಂದು ನಂಬಿದ ಮಂದಿ ಅವರೆಲ್ಲ. ಫಕೀರವ್ವನೂ ಹಾಗೆ ನಂಬಿದವಳೇ.

*

ಮದುವೆಯಾದ ಮೊದಲ ಮಾಗಿಯಲ್ಲಿ ಅವಳ ಹಿಮ್ಮಡಿಗಳು ಎರೆಹೊಲದಂತೆ ಬಿರಿದಿದ್ದವು. ಕಂಬಳಿ ಎಳೆದುಕೊಂಡರೆ ಅದರ ಎಳೆ ಬಿರುಕಿಗೆ ಸಿಕ್ಕಿ ಅವಳು ಹಲ್ಲು ಕಚ್ಚುತ್ತಿದ್ದಳು. ಏನಾಯಿತು ಎಂದು ಕೇಳಿದರೆ ಏನಿಲ್ಲ ಎನ್ನುವುದು ಅವಳ ಅಭ್ಯಾಸ. ಒಂದು ಮುಂಜಾನೆ ನೀರಿನ ಕೊಡ ಹೊತ್ತು ಬಂದವಳ ಹಿಂದೆ, ಸಾರಿಸಿದ ನೆಲದ ಮೇಲೆ ರಕ್ತದ ಕಲೆಗಳನ್ನು ಕಂಡ ಅರ್ಜುನಪ್ಪ ಸುಮ್ಮನೆ ಎದ್ದು ಗೆಳೆಯ ಸುಭಾನಸಾಬನ ಮನೆಗೆ ಹೋದ. ಸುಭಾನಸಾಬ ಬೇವಿನ ಮರ, ಆಲದ ಮರ ಹತ್ತಿ ಜೇನು ಬಿಡಿಸಿ ನರಗುಂದದ ಪೇಟೆಗೆ ಒಯ್ಯುವವನು. ಅವನ ಹತ್ತಿರ ಒಂದು ಮುದ್ದೆ ಮೇಣ ಇಸಿದುಕೊಂಡು ಬಂದ.

ಗಾಣದ ಕುಸುಬೆ ಎಣ್ಣೆಯಲ್ಲಿ ಬೇವಿನ ಎಲೆ ಬಾಡಿಸಿ, ಸೋಸಿ, ಚಿಟಿಕೆ ಅರಿಷಿಣ ಹಾಕಿ ಮೇಣ ಕರಗಿಸುವುದು. ಅವನ ಅವ್ವ ಮಾಡುವುದನ್ನು ನೋಡಿದ್ದಷ್ಟೇ, ಅಳತೆ ಗೊತ್ತಿರಲಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂದುಕೊಂಡು ಮುದ್ದೆಯನ್ನು ಇಡಿಯಾಗಿ ಹಾಕಿಬಿಟ್ಟ. ಆರಿದ ಮೇಲೆ ಬೆರಳು ಇಳಿಯಲಿಲ್ಲ, ಚಾಕುವೂ ಇಳಿಯಲಿಲ್ಲ. ಫಕೀರವ್ವ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಇದನ್ನ ಕಾಲಿಗೆ ಹಚ್ಚೂದೋ, ಗ್ವಾಡಿಗೆ ಮೆತ್ತೂದೋ?"

ಮದುವೆಯಾದ ಮೇಲೆ ಅವಳು ಹಾಗೆ ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಮರುದಿನ ಮತ್ತಷ್ಟು ಎಣ್ಣೆ ಸುರಿದು ಕಾಸಿ ಹದಕ್ಕೆ ತಂದ. ಆದರೆ ಹಚ್ಚುತ್ತೇನೆಂದರೆ ಅವಳು ಕಾಲು ಕೊಡಲೊಲ್ಲಳು.

"ನಿಮ್ಮ ಕೈಲೆ ಕಾಲ ಹಿಡಿಸಿಕೊಂಡು ನಾ ಯಾವ ನರಕಕ್ಕ ಹೋಗ್ಲಿ?"

"ನಾ ಅಲ್ಲಿಗೂ ಡಬ್ಬಿ ತಗೊಂಡು ಬರ್ತೀನಿ. ಕಾಲ ನೀಡು."

ಕಡೆಗೆ ಅವಳೇ ಒಂದು ಉಪಾಯ ಹೂಡಿದಳು. ಅವನು ಹಚ್ಚಿ ಮುಗಿಸಿದ ಕೂಡಲೇ ಕೂತಲ್ಲಿಂದಲೇ ಬಾಗಿ ಅವನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. "ಈಗ ಸಮ ಆತು," ಎನ್ನುತ್ತಿದ್ದಳು. ಅಂದಿನಿಂದ ಮಾಗಿ ಬಂತೆಂದರೆ ಸಂಜೆ ಬಾಗಿಲು ಮುಂದೆ ಮಾಡಿ, ಅವಳ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಇಟ್ಟಿಗೆಯ ಚೂರಿನಿಂದ ಮೆಲ್ಲಗೆ ತಿಕ್ಕಿ, ಪಸೆ ಆರುವ ಮೊದಲೇ ಮುಲಾಮು ಸವರುವುದು ಅವನ ಕೆಲಸ. ಇಡೀ ದಿನ ಹೊಲಮನೆ ದುಡಿದವಳು ಆ ಹೊತ್ತು ಮಾತ್ರ ಕಾಲು ನೀಡಿ ಕೂತು, ನೀರು ಕೊಡ್ರಿ, ಒಲ್ಯಾಗ ಕಟಗಿ ಹಾಕ್ರಿ ಎಂದು ಅವನಿಗೆ ಕೆಲಸ ಹೇಳುವಳು. ಹೇಳಿಸಿಕೊಳ್ಳುವುದಕ್ಕಾಗಿಯೇ ಅವನು ಮಾಗಿಯ ದಾರಿ ಕಾಯುತ್ತಿದ್ದ.

ಒಮ್ಮೆ ಅವನು ಬೋಗುಣಿ ಕದಡುತ್ತಿದ್ದಾಗ ಕಲ್ಲವ್ವ ಒಳಗೆ ಬಂದೇಬಿಟ್ಟಳು.

"ಗಂಡಸು ಒಲಿ ಮುಂದ ಕುಂತು ಏನ ಮಾಡಾಕತ್ತೀಯೋ?"

"ಎತ್ತಿನ ಮುಲಾಮಕ್ಕಾ. ನೊಗ ತಿಕ್ಕಿ ಹೆಗಲ ಹುಣ್ಣಾಗೇತಿ," ಎಂದ ಅರ್ಜುನಪ್ಪ. ಬಾಯಿಗೆ ಬಂದ ಸುಳ್ಳು. ಕಲ್ಲವ್ವನ ಕಿವಿಗೆ ಬಿದ್ದದ್ದು ಊರಿನ ಕಿವಿಗೆ ಬೀಳುವುದಕ್ಕೆ ತಡವೇನು? ವಾರದೊಳಗೆ ಓಣಿಯ ಮಂದಿ ತಮ್ಮ ತಮ್ಮ ಎತ್ತುಗಳಿಗೆ ಬೇಕೆಂದು ಬಟ್ಟಲು ಹಿಡಿದು ಬಂದರು. ಅರ್ಜುನಪ್ಪ ಇಲ್ಲವೆನ್ನಲಾರದೆ ಕೊಟ್ಟ. ಆ ಎತ್ತುಗಳಿಗೆ ಗುಣವೂ ಆಯಿತು. ಒಳಗೆ ಫಕೀರವ್ವ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

*

ಅಂಗಳದಲ್ಲಿ ಗಂಡಸರು ಕೂತಿದ್ದರು. ಸುಭಾನಸಾಬ ಸರಿದು ಜಾಗ ಮಾಡಿಕೊಟ್ಟ. ಅರ್ಜುನಪ್ಪ ಕೂತ, ಜೇಬಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

"ಡಬ್ಬಿ ಐತೇನು ಅದರಾಗ?" ಸುಭಾನಸಾಬ ತಗ್ಗಿದ ದನಿಯಲ್ಲಿ ಕೇಳಿದ.

ಅರ್ಜುನಪ್ಪ ಅವನ ಮುಖ ನೋಡಿದ.

"ಎತ್ತು ಮಾರಿ ಟ್ರ್ಯಾಕ್ಟರ್ ಕರಸಾಕ ಹತ್ತಿ ಎಷ್ಟ ವರ್ಷಾತು. ನೀ ಮೇಣ ಒಯ್ಯೂದು ಬಿಡಲಿಲ್ಲ. ನಾ ಏನ ಕೇಳಿಲ್ಲಪಾ. ಆದರ ತಿಳೀದ ಇರತೈತೇನು?"

ಅರ್ಜುನಪ್ಪ ಅವನತ್ತ ಬಾಗಿದ. "ಈಕಿನ್ನ ಗದಗಿಗೆ ಒಯ್ದಾಗ ಡಬ್ಬೀನೂ ಒಯ್ದಿದ್ದೆ ಸುಭಾನ. ದವಾಖಾನ್ಯಾಗ ಈಗ ಎಣ್ಣಿ ಗಿಣ್ಣಿ ಬ್ಯಾಡ್ರಿ ಅಜ್ಜಾರ ಅಂದ್ರು. ನಾನೂ ಸುಮ್ಮನಾದೆ. ದಿನಾ ಚಾದರ ಸರಿಸಿ ನೋಡತಿದ್ದೆ, ಬಿರುಕ ದೊಡ್ಡದಾಗತಿದ್ವು. ಈಕಿ ಏನಂದ್ಲು ಗೊತ್ತೇನು? ಮನಿಗೆ ಹೋದಮ್ಯಾಗ ಹಚ್ಚೀರಂತ, ಅಲ್ಲೀತನಕ ತಡೀತೀನಿ ಅಂದ್ಲು."

"ಮನಿಗೆ ಬಂದಾಳಲ್ಲೋ ಈಗ," ಎಂದ ಸುಭಾನಸಾಬ.

ಒಳಗೆ ಭಜನೆ ಶುರುವಾಗಿತ್ತು. ಅರ್ಜುನಪ್ಪನಿಗೆ ಅದು ಕೇಳಿಸಲಿಲ್ಲ. ಅವನಿಗೆ ಜನರ ಅಂಜಿಕೆ ಅಷ್ಟಿರಲಿಲ್ಲ, ಅವಳದೇ ಅಂಜಿಕೆ. ಇಷ್ಟು ದಿನ ಕಾಲು ಹಿಡಿದರೆ ಬಾಗಿ ಸಮ ಮಾಡಲು ಅವಳಿದ್ದಳು. ಇವತ್ತು ಹಚ್ಚಿದರೆ ಆ ಪಾಪ ಅವಳ ಜತೆಗೇ ಮಣ್ಣಿಗೆ ಹೋಗುವುದಲ್ಲ? ಹಚ್ಚದಿದ್ದರೆ ಆ ಬಿರುಕುಗಳೇ ಅವಳ ಜತೆಗೆ ಹೋಗುತ್ತವೆ. ಯಾವುದನ್ನು ಕಟ್ಟಿ ಕಳಿಸಲಿ ಎಂದು ಅವನಿಗೆ ತಿಳಿಯಲಿಲ್ಲ.

"ಅರ್ಜುನಾ, ಬಾ. ಕುಂಕುಮ ಹಚ್ಚಿ ಹೂವು ಹಾಕು. ಎತ್ತೂ ಹೊತ್ತಾತು," ಕಲ್ಲವ್ವ ಬಾಗಿಲಿಗೆ ಬಂದು ಕರೆದಳು.

ಪಡಸಾಲೆಯ ಗೋಡೆಗೆ ಆನಿಸಿ ಫಕೀರವ್ವನನ್ನು ಕೂರಿಸಿದ್ದರು. ಮುತ್ತೈದೆಯಾಗಿ ಹೋದವಳೆಂದು ಹಸಿರು ಸೀರೆ, ಕೈತುಂಬ ಬಳೆ, ಮುಡಿತುಂಬ ಹೂವು. ಇಷ್ಟು ಶೃಂಗಾರವನ್ನು ಅವಳು ಬದುಕಿದ್ದಾಗ ಒಲ್ಲೆ ಎನ್ನುತ್ತಿದ್ದಳು. ಅರ್ಜುನಪ್ಪ ಹಣೆಗೆ ಕುಂಕುಮ ಇಟ್ಟ, ಹೂವು ಹಾಕಿದ. ಆಮೇಲೆ ಏಳಲಿಲ್ಲ. ಹಾಗೇ ಕೆಳಗೆ ಜರುಗಿ ಮಡಿಚಿದ ಕಾಲುಗಳ ಮುಂದೆ ಕೂತು ಡಬ್ಬಿಯ ಮುಚ್ಚಳ ತೆಗೆದ. ಬೇವಿನ ಕಹಿ ವಾಸನೆ ಊದುಬತ್ತಿಯ ನಡುವೆ ಹರಡಿತು. ಭಜನೆಯವರ ತಾಳ ತಪ್ಪಿ ನಿಂತಿತು.

"ಏನೋ ಇದು?" ಕಲ್ಲವ್ವ ಮುಂದೆ ಬಂದಳು. "ಎತ್ತಿನ ಮುಲಾಮ ಹೆಣಕ್ಕ ಹಚ್ತಾರೇನು? ಅದೂ ಕಾಲಿಗೆ, ಅದೂ ನೀನು?"

"ನಮ್ಮ ಎತ್ತಿಗೆ ಒಂದಿನಾನೂ ಹಚ್ಚಿಲ್ಲಕ್ಕಾ," ಎಂದ ಅರ್ಜುನಪ್ಪ. "ಇದು ಮೊದಲಿಂದ ಈಕಿದ."

ಪುಷ್ಪಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಅಪ್ಪ ತಲೆ ಸವರಿದರೆ ಬೇವಿನ ವಾಸನೆ ಬರುತ್ತದೆಂದು ಕೊಸರಿಕೊಳ್ಳುತ್ತಿದ್ದವಳು ಅವಳು.

"ಪಾಪ ಆಕಿಗೆ ಹತ್ತತೈತೋ ತಮ್ಮಾ," ಎಂದಳು ಕಲ್ಲವ್ವ. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

"ಹತ್ತಲಾರದು. ಇವತ್ತಿಂದು ನಾ ಹೊತ್ತಕೋತೀನಿ."

ಹೇಳಿ ಅವನು ಬಾಗಿ ಹಣೆಯನ್ನು ಅವಳ ಪಾದಕ್ಕೆ ತಾಗಿಸಿದ. ಕಲ್ಲವ್ವ ಅತ್ತಿತ್ತ ನೋಡಿದಳು. ಆಮೇಲೆ ನೆಲಕ್ಕೆ ಕೈಯೂರಿ, ನೋಯುವ ಮಂಡಿ ಮಡಚಿ ಕೂತು, ಹಸಿರು ಸೀರೆಯ ಅಂಚನ್ನು ತಾನೇ ಎತ್ತಿ ಹಿಡಿದಳು.

"ಲಗೂ ಹಚ್ಚು," ಎಂದಳು. "ಆ ಕಡಿ ಕಾಲೂ ಒಡದೈತಿ ನೋಡು."

ಚಳಿಗೆ ಮುಲಾಮು ಬಿಗಿದಿತ್ತು. ಅಂಗೈಗಳ ನಡುವೆ ತಿಕ್ಕಿ ಬೆಚ್ಚಗೆ ಮಾಡಿ, ಒಂದೊಂದೇ ಬಿರುಕಿಗೆ ಬೆರಳ ತುದಿಯಿಂದ ತುಂಬಿದ. ಅವಳ ಕಾಲುಗಳು ತಣ್ಣಗಿದ್ದವು. ಮುಲಾಮು ಇಂಗಲಿಲ್ಲ, ಹಚ್ಚಿದ್ದು ಹಚ್ಚಿದಲ್ಲೇ ಹಳದಿಯಾಗಿ ನಿಂತಿತು. ಇಂಗುತ್ತದೇನೋ ಎಂದು ಎರಡೂ ಕೈಯಲ್ಲಿ ಹಿಮ್ಮಡಿಯನ್ನು ಹಿಡಿದು ಕೂತ. ಎತ್ತಲು ಬಂದವರು ಬಾಗಿಲಲ್ಲಿ ಕಾದರು. ಏಳು ಎಂದು ಯಾರೂ ಅನ್ನಲಿಲ್ಲ.

*

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಅವಳನ್ನು ಇಳಿಸಿದ ಮೇಲೆ ಅಯ್ಯನವರು ಮಂತ್ರ ಮುಗಿಸಿ, ಮೊದಲ ಹಿಡಿ ಮಣ್ಣು ಗಂಡನದು ಎಂದರು. ಅರ್ಜುನಪ್ಪ ಬಾಗಿ ಎರೆಮಣ್ಣು ತುಂಬಿಕೊಂಡು ಕುಣಿಯ ಮೇಲೆ ಕೈ ಚಾಚಿ ಬೆರಳು ಬಿಚ್ಚಿದ. ಒಂದಿಷ್ಟು ಮಣ್ಣು ಉದುರಿತು. ಉಳಿದದ್ದು ಮುಲಾಮಿನ ಜಿಡ್ಡಿಗೆ ಅಂಗೈ ತುಂಬ ಅಂಟಿಕೊಂಡೇ ಇತ್ತು. ಕೈ ಕೊಡವಿದ, ಬೀಳಲಿಲ್ಲ.

"ಇಲ್ಲಿ ತಾ, ಒರಸ್ತೀನಿ," ಎಂದು ಸುಭಾನಸಾಬ ಹೆಗಲ ಮೇಲಿನ ವಸ್ತ್ರ ತೆಗೆದ.

ಅರ್ಜುನಪ್ಪ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿಕೊಂಡ.